ಡೇಟಾಬೇಸ್ ಕಲಿಯೋಕೆ ಮೊದಲು ಅಂಗಡಿಯ ನೋಟ್‌ಬುಕ್ ತೆರೆಯಿರಿ

ಡೇಟಾಬೇಸ್, ಅಂದರೆ ಸುಲಭವಾಗಿ ಹುಡುಕೋಕೆ ಆಗುವ ಹಾಗೆ ಕಂಪ್ಯೂಟರಿನಲ್ಲಿ ಜೋಡಿಸಿಟ್ಟ ಮಾಹಿತಿ. ಅದನ್ನು ಕಲಿಯಬೇಕು ಅಂತ ಹೊರಟವರು ಮೊದಲು ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿ ಕೂರುತ್ತಾರೆ. ಅದು ಆಮೇಲೆ. ಮೊದಲು ಒಂದು ಹಾಳೆ, ಒಂದು ಪೆನ್ಸಿಲ್, ಯಾವುದಾದರೂ ಅಂಗಡಿಯ ಲೆಕ್ಕದ ಪುಸ್ತಕ ಸಾಕು.

ನನಗೆ ಇದು ಅರ್ಥವಾದದ್ದು ಮಲ್ಲೇಶ್ವರದಲ್ಲಿ, ಚಿಕ್ಕಮ್ಮನ ಟೈಲರಿಂಗ್ ಅಂಗಡಿಯಲ್ಲಿ. ಹೆಸರು, ಫೋನ್, ಅಳತೆ, ಬ್ಲೌಸ್, ಅಡ್ವಾನ್ಸ್ ಎಲ್ಲವನ್ನೂ ಎಕ್ಸೆಲ್‌ನ ಒಂದೇ ಶೀಟಿಗೆ ತುಂಬಿದ್ದೆ. ಒಬ್ಬರು ನಾಲ್ಕು ಸಲ ಬಂದರೆ ಅವರ ನಂಬರ್ ನಾಲ್ಕು ಕಡೆ. ಅವರು ನಂಬರ್ ಬದಲಿಸಿದಾಗ ಒಂದು ಕಡೆ ಮಾತ್ರ ತಿದ್ದಿದೆವು. ಗೌರಿ ಹಬ್ಬದ ಹಿಂದಿನ ದಿನ ಬ್ಲೌಸ್ ರೆಡಿಯಾಗಿ ಕೂತಿದೆ, ನಾವು ಹಳೇ ನಂಬರಿಗೇ ಫೋನ್ ಮಾಡುತ್ತಿದ್ದೇವೆ! ಒಂದು ವಿಷಯ ಒಂದೇ ಕಡೆ ಇರಬೇಕು ಅನ್ನುವುದು ಆವತ್ತು ತಲೆಗೆ ಹತ್ತಿತು.

ಈಗ ನೀವು ಮಾಡಿ. ಅಂಗಡಿಯಲ್ಲಿ ಏನೇನಿದೆ ಬರೆಯಿರಿ: ಗಿರಾಕಿ, ಅಳತೆ, ಆರ್ಡರ್, ಬಟ್ಟೆ, ಪಾವತಿ. ಒಂದೊಂದಕ್ಕೂ ಒಂದು ಚೌಕ ಹಾಕಿ, ಸಂಬಂಧ ಇರುವ ಕಡೆ ಗೆರೆ ಎಳೆಯಿರಿ. ಒಬ್ಬ ಗಿರಾಕಿಗೆ ಹಲವು ಆರ್ಡರ್, ಒಂದು ಆರ್ಡರಿನಲ್ಲಿ ಹಲವು ಬಟ್ಟೆ. ಇದೇ ಇಆರ್ (ಎಂಟಿಟಿ-ರಿಲೇಷನ್‌ಶಿಪ್) ಚಿತ್ರ, ಅಂದರೆ ಏನೇನಿದೆ, ಅವುಗಳ ಸಂಬಂಧ ಏನು ಅಂತ ತೋರಿಸುವ ಚಿತ್ರ, 1976ರಲ್ಲಿ ಕಂಪ್ಯೂಟರ್ ವಿಜ್ಞಾನಿ ಪೀಟರ್ ಚೆನ್ ಮುಂದಿಟ್ಟದ್ದು. ಒಂದೊಂದು ಚೌಕವೂ ಮುಂದೆ ಒಂದೊಂದು ಟೇಬಲ್, ಅಂದರೆ ಸಾಲು ಮತ್ತು ಕಾಲಂಗಳ ಪಟ್ಟಿ ಆಗುತ್ತದೆ.

ಪ್ರತಿ ಟೇಬಲ್ಲಿಗೂ ಒಂದು ಪ್ರೈಮರಿ ಕೀ ಬೇಕು, ಅಂದರೆ ಸಾಲನ್ನು ಗುರುತಿಸುವ ನಂಬರ್. ಹೆಸರನ್ನು ಕೀ ಮಾಡಬೇಡಿ, ಒಂದೇ ಬೀದಿಯಲ್ಲಿ ಮೂವರು ಲಕ್ಷ್ಮಿ ಇರುತ್ತಾರೆ. ಫೋನ್ ಕೂಡ ಬೇಡ, ಅದು ಬದಲಾಗುತ್ತೆ, ಅಮ್ಮ ಮಗಳು ಒಂದೇ ನಂಬರ್ ಕೊಡುವುದೂ ಉಂಟು. ಸುಮ್ನೆ 1, 2, 3 ಅಂತ ಕೊಡಿ. ಆರ್ಡರ್ ಟೇಬಲ್ಲಿನಲ್ಲಿ ಗಿರಾಕಿಯ ಆ ನಂಬರನ್ನಷ್ಟೇ ಇಡಿ, ಬೇರೆ ಟೇಬಲ್ಲಿನ ಸಾಲನ್ನು ತೋರಿಸುವ ಅದೇ ಫಾರಿನ್ ಕೀ.

ಅಳತೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಿ. ಅದನ್ನು ಗಿರಾಕಿಯ ಸಾಲಿನಲ್ಲೇ ಇಟ್ಟರೆ, ಹೊಸ ಅಳತೆ ಬರೆದ ಕೂಡಲೇ ಹಳೆಯದು ಅಳಿಸಿಹೋಗುತ್ತದೆ. ಹೋದ ವರ್ಷದ ಬ್ಲೌಸ್ ಯಾವ ಅಳತೆಗೆ ಹೊಲಿದದ್ದು ಅಂತ ಕೇಳಿದರೆ ಉತ್ತರವಿಲ್ಲ. ಅದಕ್ಕೇ ಅಳತೆಗೆ ಬೇರೆ ಟೇಬಲ್, ಜೊತೆಗೆ ತಾರೀಕು, ಮತ್ತು ಪ್ರತಿ ಬಟ್ಟೆಯ ಸಾಲಿನಲ್ಲಿ ಯಾವ ಅಳತೆಗೆ ಹೊಲಿದದ್ದು ಅನ್ನುವ ನಂಬರ್. ಇನ್ನು, 'ಬಾಕಿ' ಅಂತ ಕಾಲಂ ಇಡಲೇಬೇಡಿ. ಒಟ್ಟು ಹಣದಲ್ಲಿ ಪಾವತಿಗಳನ್ನು ಕಳೆದರೆ ಬಾಕಿ ಸಿಕ್ಕೇ ಸಿಗುತ್ತೆ ಅಲ್ವಾ, ಅದನ್ನೂ ಬರೆದಿಟ್ಟರೆ ಒಂದಲ್ಲ ಒಂದು ದಿನ ಎರಡೂ ತಾಳೆಯಾಗುವುದಿಲ್ಲ.

ಹೀಗೆ ಟೇಬಲ್‌ಗಳಲ್ಲಿ ಇಡುವುದಕ್ಕೆ ರಿಲೇಷನಲ್ ಮಾಡೆಲ್ ಅಂತಾರೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಇದನ್ನು ಮಂಡಿಸಿದರು. ಅದಕ್ಕೂ ಮುಂಚಿನ ಐಎಂಎಸ್ (ಐಬಿಎಂನದೇ ಡೇಟಾಬೇಸ್ ಸಾಫ್ಟ್‌ವೇರ್) ಥರದ ವ್ಯವಸ್ಥೆಗಳಲ್ಲಿ ಮಾಹಿತಿ ಮರದ ಕೊಂಬೆಗಳ ಹಾಗೆ ಇರುತ್ತಿತ್ತು, ಬುಡದಿಂದ ಯಾವ ದಾರಿಯಲ್ಲಿ ಸಾಗಬೇಕು ಅಂತ ಪ್ರೋಗ್ರಾಂ ಬರೆಯುವವರೇ ಹೇಳಬೇಕಿತ್ತು. ಕಾಡ್ ದಾರಿಯ ಗೊಡವೆಯನ್ನೇ ತೆಗೆದರು. ಏನು ಬೇಕು ಅಂತ ಕೇಳಿ, ಹುಡುಕುವ ಕೆಲಸ ಯಂತ್ರದ್ದು. ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯುಎಲ್ ಹುಟ್ಟಿದ್ದು ಇದೇ ಯೋಚನೆಯಿಂದ. ಮಾಂಗೋಡಿಬಿ ಥರದ ಸಾಫ್ಟ್‌ವೇರ್ ಬಳಸುವ ಡಾಕ್ಯುಮೆಂಟ್ ಮಾಡೆಲ್ ಕೂಡ ಇದೆ, ಒಂದೊಂದು ದಾಖಲೆಯ ಆಕಾರ ಬೇರೆ ಬೇರೆ ಇದ್ದಾಗ ಅನುಕೂಲ. ಆದರೆ ಶುರುವಿಗೆ ಟೇಬಲ್ಲೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಎಸ್‌ಕ್ಯುಲೈಟ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ ಇರುತ್ತೆ. ಒಂದು ಎಚ್ಚರಿಕೆ: ಇದರಲ್ಲಿ ಫಾರಿನ್ ಕೀ ತಪಾಸಣೆ ಸಾಮಾನ್ಯವಾಗಿ ಆಫ್ ಆಗಿರುತ್ತೆ, ಕನೆಕ್ಟ್ ಆದಾಗಲೆಲ್ಲ ನೀವೇ ಆನ್ ಮಾಡಬೇಕು. ಇಲ್ಲದಿದ್ದರೆ ಇಲ್ಲದ ಗಿರಾಕಿಯ ಹೆಸರಿಗೂ ಆರ್ಡರ್ ಸೇರಿಬಿಡುತ್ತೆ. ಫೋನ್ ನಂಬರನ್ನು ಟೆಕ್ಸ್ಟ್ ಆಗಿ ಇಡಿ, ಅದನ್ನೇನು ಕೂಡಿ ಕಳೆಯಬೇಕಾಗಿಲ್ಲ.

ಟೇಬಲ್ ಮಾಡುವ ಮುಂಚೆ ಅಂಗಡಿಯವರನ್ನೇ ಕೂರಿಸಿಕೊಂಡು ದಿನಾ ಕೇಳುವ ಐದು ಪ್ರಶ್ನೆ ಬರೆಸಿಕೊಳ್ಳಿ. ಶನಿವಾರ ಯಾರ ಬಟ್ಟೆ ಕೊಡಬೇಕು? ಯಾರ ಬಾಕಿ ಎಷ್ಟು? ಪ್ರತಿ ಪ್ರಶ್ನೆಗೂ ನಿಮ್ಮ ಚೌಕಗಳ ಮೇಲೆ ಬೆರಳಿಟ್ಟು ಉತ್ತರ ಹುಡುಕಿ. ಚಿಕ್ಕಮ್ಮ ಕೇಳಿದ ನಾಲ್ಕನೇ ಪ್ರಶ್ನೆ, "ಲೈನಿಂಗ್ ಬಟ್ಟೆ ನಮ್ದಾ, ಅವರೇ ಕೊಟ್ಟಿದ್ದಾ?" ನನ್ನ ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಬಟ್ಟೆಯ ಚೌಕದಲ್ಲಿ ಇನ್ನೊಂದು ಕಾಲಂ ಸೇರಿಸಿದೆ.