ತೀರ್ಪು ಸರಿಯಿಲ್ಲ ಅನ್ನಿಸಿದರೆ ಹೇಗೆ ಬರೆಯಬೇಕು

ಬಾಗಲಕೋಟೆ ಕಡೆ ಮುಳುಗಡೆ ಪರಿಹಾರದ ಕೇಸುಗಳು ವರ್ಷಗಟ್ಟಲೆ ನಡೆಯುತ್ತವೆ. ತೀರ್ಪು ಬಂದ ದಿನ ವಾಟ್ಸಾಪ್ ಗ್ರೂಪಿನಲ್ಲಿ ಸಿಟ್ಟು ಉಕ್ಕುತ್ತದೆ. ಹೊಲ ಕಳೆದುಕೊಂಡವರಿಗೆ ಸಿಟ್ಟು ಬರದೆ ಇರುತ್ತದೆಯೇ? ಆದರೆ ಅದೇ ಸಿಟ್ಟಿನಲ್ಲಿ ಬರೆದ ಒಂದು ಸಾಲು ನ್ಯಾಯಾಂಗ ನಿಂದನೆಯ, ಅಂದರೆ ಕೋರ್ಟಿನ ಗೌರವ ಕೆಡಿಸಿದ ಆರೋಪದ, ನೋಟಿಸ್ ತರಬಹುದು.

ಮೊದಲು ತೀರ್ಪು ಓದಿ. ಪೇಪರಿನ ಹೆಡ್ಡಿಂಗ್ ಸಾಲದು. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ನೋಡಿ, ಇಲ್ಲದಿದ್ದರೆ ನಕಲು ಅರ್ಜಿ ಹಾಕಿ. ಯಾವ ಸಾಕ್ಷಿ ಬಿಟ್ಟುಹೋಯಿತು, ಪಕ್ಕದ ಊರಿನ ಹೊಲಕ್ಕೆ ಸಿಕ್ಕ ದರ ಇಲ್ಲಿ ಯಾಕೆ ಸಿಗಲಿಲ್ಲ, ಇವನ್ನು ಹಿಡಿದು ಎಷ್ಟು ಗಟ್ಟಿಯಾಗಿ ಬೇಕಾದರೂ ಬರೆಯಿರಿ. ಅಂತಿಮವಾಗಿ ಮುಗಿದ ಕೇಸಿನ ಬಗ್ಗೆ ನ್ಯಾಯವಾದ ಟೀಕೆ ನಿಂದನೆ ಅಲ್ಲ ಅಂತ 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಸೆಕ್ಷನ್ನೇ ಹೇಳುತ್ತದೆ. ಹೈಕೋರ್ಟಿನ ಧಾರವಾಡ ಪೀಠದಲ್ಲಿ ಅಪೀಲು ಇದ್ದರೆ, ಅಥವಾ ಅಪೀಲಿನ ಗಡುವು ಮುಗಿದಿರದಿದ್ದರೆ, ಕೇಸು ಇನ್ನೂ ನಡೆಯುತ್ತಿದೆ ಅಂತಲೇ ಲೆಕ್ಕ. ಆಗ ಕೋರ್ಟಿನಲ್ಲಿ ನಡೆದದ್ದನ್ನು ಇದ್ದ ಹಾಗೆ ಬರೆಯಿರಿ, ಜಾಸ್ತಿ ಬೇಡ.

"ಈ ತೀರ್ಪು ತಪ್ಪು, ರೈತರಿಗೆ ಅನ್ಯಾಯ ಆಗಿದೆ" ಅನ್ನಬಹುದು. "ಜಡ್ಜ್ ದುಡ್ಡು ತಿಂದಿದ್ದಾರೆ" ಅಂದರೆ ಗೆರೆ ದಾಟಿದಿರಿ. ಈ ಕಾಯ್ದೆಯ 2006ರ ತಿದ್ದುಪಡಿಯ ನಂತರ ನಿಜ ಹೇಳಿದ್ದೇನೆ ಅಂತ ವಾದಿಸಬಹುದು, ಆದರೆ ಅದು ಸಾರ್ವಜನಿಕರ ಹಿತಕ್ಕೆ, ಒಳ್ಳೆಯ ಉದ್ದೇಶದಿಂದ ಹೇಳಿದ್ದು ಅಂತ ಕೋರ್ಟಿಗೆ ಒಪ್ಪಿಗೆಯಾಗಬೇಕು. ಊರೆಲ್ಲ ಮಾತಾಡುತ್ತಿದೆ ಅನ್ನೋದು ಸಾಕ್ಷಿ ಅಲ್ಲ. ಫಾರ್ವರ್ಡ್ ಮಾಡಿದ್ದಷ್ಟೇ, ಬರೆದವರು ಬೇರೆ ಅಂತ ಸುಮ್ನೆ ಧೈರ್ಯ ತಂದುಕೊಳ್ಳಬೇಡಿ.

ನಿಜವಾಗಿ ದಾಖಲೆ ಇದೆಯಾ? ಹಾಗಾದರೆ ಫೇಸ್‌ಬುಕ್ ಬಿಡಿ, ಅಫಿಡವಿಟ್ (ಪ್ರಮಾಣಪತ್ರ) ಜೊತೆ ಹೈಕೋರ್ಟಿಗೆ ದೂರು ಕೊಡಿ. ಕೆಳಗಿನ ಕೋರ್ಟಿನ ಜಡ್ಜ್ ಬಗ್ಗೆ ಒಳ್ಳೆಯ ಉದ್ದೇಶದಿಂದ ಹೈಕೋರ್ಟಿಗೆ ಕೊಟ್ಟ ದೂರು ನಿಂದನೆ ಆಗುವುದಿಲ್ಲ, ಅದು ಅದೇ ಕಾಯ್ದೆಯ 6ನೇ ಸೆಕ್ಷನ್. ಇಷ್ಟು ಒಳ್ಳೆಯ ದಾರಿ ಇದ್ದೂ ನಮ್ಮ ಜನ ಹೆದರಿ ಸುಮ್ಮನಿರುತ್ತಾರೆ, ಇಲ್ಲವೇ ಗ್ರೂಪಿನಲ್ಲಿ ಬೈದು ಸಿಕ್ಕಿಬೀಳುತ್ತಾರೆ. ನನಗೆ ಸಂಕಟ ಆಗೋದು ಇದಕ್ಕೇ.

ಮುಧೋಳದ ಕೋರ್ಟಿನ ಬಗ್ಗೆ ಬರೆದರೆ ಯಾರು ಕೇಳುತ್ತಾರೆ ಅಂದುಕೊಳ್ಳಬೇಡಿ. ಕೆಳಗಿನ ಕೋರ್ಟುಗಳ ನಿಂದನೆಗೂ ಹೈಕೋರ್ಟೇ ಶಿಕ್ಷೆ ಕೊಡಬಹುದು: 6 ತಿಂಗಳವರೆಗೆ ಜೈಲು, 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ನಿಮ್ಮ ಮೇಲೆ ಸಿಟ್ಟಿರುವ ಯಾರೋ ಒಬ್ಬರು ನೇರವಾಗಿ ಈ ಕೇಸು ಹಾಕಲಾರರು, ಕೆಳಗಿನ ಕೋರ್ಟೇ ಹೈಕೋರ್ಟಿಗೆ ಬರೆಯಬೇಕು, ಇಲ್ಲವೇ ಅಡ್ವೋಕೇಟ್ ಜನರಲ್ (ರಾಜ್ಯ ಸರ್ಕಾರದ ಮುಖ್ಯ ವಕೀಲರು) ಅರ್ಜಿ ಹಾಕಬೇಕು. ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡರೆ ಅದು ಬೇರೆ ಮಾತು.

ಕೋರ್ಟಿನ ಹೆಸರು ಕೆಡಿಸಿದರು ಅನ್ನುವ ಈ ಬಗೆಯ ಅಪರಾಧವನ್ನು ಇಂಗ್ಲೆಂಡಿನಲ್ಲಿ 2013ರಲ್ಲೇ ತೆಗೆದುಹಾಕಿದರು. ಇಲ್ಲೂ ಹೋಗಬೇಕು ಅನ್ನೋದು ನನ್ನ ಅಭಿಪ್ರಾಯ. ಆದರೆ ಇವತ್ತು ಅದು ಇದೆ. ಎರಡು ಟ್ವೀಟ್‌ಗಾಗಿ ವಕೀಲ ಪ್ರಶಾಂತ್ ಭೂಷಣ್ ಅವರಿಗೆ 2020ರಲ್ಲಿ ಸುಪ್ರೀಂ ಕೋರ್ಟ್ 1 ರೂಪಾಯಿ ದಂಡ ಹಾಕಿತು. ಅವರು ಕ್ಷಮೆ ಕೇಳಿರಲಿಲ್ಲ.

ನೋಟಿಸ್ ಬಂದೇಬಿಟ್ಟರೆ ಮತ್ತೊಂದು ಪೋಸ್ಟ್ ಹಾಕಬೇಡಿ, ವಕೀಲರ ಹತ್ತಿರ ಹೋಗಿ. ಬರೆದದ್ದು ತಪ್ಪಾಗಿದ್ದರೆ ಮನಸ್ಸಿನಿಂದ ಕ್ಷಮೆ ಕೇಳಿ, ಒಪ್ಪಿಗೆಯಾದರೆ ಕೋರ್ಟ್ ಬಿಟ್ಟುಬಿಡಬಹುದು. ಬರೆದದ್ದು ನಿಜವಾಗಿದ್ದು ದಾಖಲೆಯೂ ಇದ್ದರೆ, ಹೆದರಿಕೆಗೆ ಕ್ಷಮೆ ಕೇಳುವ ಮೊದಲು ಆ ದಾಖಲೆಗಳನ್ನು ವಕೀಲರ ಮುಂದೆ ಇಡಿ.