ಕತ್ತಿನ ಆಪರೇಷನ್‌ಗೆ ಒಪ್ಪುವ ಮುಂಚೆ

ನನಗೆ ಮೊದಲು ಅನುಮಾನ ಬಂದದ್ದು ಶರ್ಟಿನ ಗುಂಡಿಯಿಂದ. ನೋವೇನೂ ಇರಲಿಲ್ಲ. ಗುಂಡಿ ಬೆರಳಿಗೆ ಸಿಗುತ್ತಿತ್ತು, ಕಾಜಾದೊಳಗೆ ಮಾತ್ರ ಹೋಗುತ್ತಿರಲಿಲ್ಲ. ವಯಸ್ಸಾಯ್ತು ಅಂದುಕೊಂಡು ಎಂಟು ತಿಂಗಳು ಸುಮ್ನೆ ಕಳೆದೆ. ನೀವು ಹಾಗೆ ಮಾಡಬೇಡಿ.

ಕತ್ತಿನ ಮೂಳೆಗಳ ಹಿಂಬದಿಗೆ ಅಂಟಿಕೊಂಡು, ಬೆನ್ನುಹುರಿಯ ಮುಂದೆಯೇ, ಲಿಗಮೆಂಟಿನ (ಮೂಳೆಗಳನ್ನು ಹಿಡಿದಿಡುವ ಗಟ್ಟಿ ನಾರಿನ) ಪಟ್ಟಿಯೊಂದು ಇಳಿಯುತ್ತದೆ. ಕೆಲವರಿಗೆ ಅದು ನಿಧಾನಕ್ಕೆ ಮೂಳೆಯ ಗಂಟಾಗಿ ಹುರಿಯನ್ನು ಒತ್ತುತ್ತದೆ, ಆಗ ಬೆರಳುಗಳು ನನ್ನ ಹಾಗೆ ಮಾತು ಕೇಳದಾಗಬಹುದು. ಮನೆಯಲ್ಲೇ ಹೀಗೆ ನೋಡಿ: ಮುಷ್ಟಿಯನ್ನು ಪೂರ್ತಿ ಬಿಗಿದು, ಪೂರ್ತಿ ಬಿಡಿಸಿ. 10 ಸೆಕೆಂಡಿನಲ್ಲಿ 20 ಸಲ ಆಗದಿದ್ದರೆ ಡಾಕ್ಟರಿಗೆ ತೋರಿಸಿ. ನನಗೆ 12 ಆಗಿತ್ತು.

ಹುರಿ ಎಷ್ಟು ನಲುಗಿದೆ ಎಂದು ಎಂಆರ್‌ಐ ಹೇಳುತ್ತದೆ. ಮೂಳೆಯಾದ ಭಾಗ ಸರಿಯಾಗಿ ಕಾಣಲು ಸಿಟಿ ಸ್ಕ್ಯಾನೇ ಬೇಕು. ಎರಡನ್ನೂ ಇಟ್ಟುಕೊಂಡು ಒಂದು ಪ್ರಶ್ನೆ ಕೇಳಿ: ಆಪರೇಷನ್ ಕತ್ತಿನ ಮುಂದಿನಿಂದಲೋ, ಹಿಂದಿನಿಂದಲೋ? ಯಾಕೆ?

ನನ್ನ ಸರ್ಜನ್ ಪಕ್ಕದಿಂದ ತೆಗೆದ ಎಕ್ಸ್‌ರೇ ಮೇಲೆ ಒಂದು ಗೆರೆ ಎಳೆದರು. ಕತ್ತಿನ 2ನೇ ಮೂಳೆಯ ಹತ್ತಿರ ಹುರಿಯ ಕಾಲುವೆಯ ನಡುಮಧ್ಯದಿಂದ 7ನೇ ಮೂಳೆಯ ನಡುಮಧ್ಯಕ್ಕೆ. ಗಂಟು ಆ ಗೆರೆ ದಾಟಿದ್ದರೆ, ಹಿಂದಿನಿಂದ ಜಾಗ ಮಾಡಿದರೂ ಹುರಿ ಸಾಕಷ್ಟು ಹಿಂದೆ ಸರಿಯುವುದಿಲ್ಲ. ಆಗ ಮುಂದಿನಿಂದ ಹೋಗಿ ಗಂಟನ್ನೇ ತೆಗೆಯುವ ಯೋಚನೆ ಮಾಡುತ್ತಾರೆ. ಹುರಿಯ ಮೇಲಿನ ಪೊರೆಯೂ ಮೂಳೆಯಾಗಿದ್ದರೆ ಹುರಿಯ ಸುತ್ತಲಿನ ನೀರು ಸೋರುವ ಅಪಾಯ ಮುಂದಿನಿಂದ ಮಾಡುವಾಗ ಜಾಸ್ತಿ.

ನನ್ನದು ಗೆರೆ ದಾಟಿರಲಿಲ್ಲ. ಲ್ಯಾಮಿನೋಪ್ಲಾಸ್ಟಿ ಮಾಡಿದರು. ಹಿಂಬದಿಯ ಮೂಳೆಯ ಕಮಾನನ್ನು ಒಂದು ಬದಿ ಪೂರ್ತಿ ಕತ್ತರಿಸಿ, ಇನ್ನೊಂದು ಬದಿ ತೆಳ್ಳಗೆ ಮಾಡಿ, ಬಾಗಿಲಿನ ಹಾಗೆ ತೆರೆದು ಪುಟ್ಟ ಪ್ಲೇಟ್ ಕೂರಿಸುತ್ತಾರೆ. ಗಂಟು ಇದ್ದಲ್ಲೇ ಇರುತ್ತದೆ.

ಮೂರನೇ ದಿನ ತಲೆ ಬಾಚಲು ಹೋದರೆ ಎಡಗೈ ಭುಜದಿಂದ ಮೇಲೇಳಲೇ ಇಲ್ಲ. ಇದು ಕೆಲವರಿಗೆ ಆಗುತ್ತದೆ, ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ ಎಂದು ಮೊದಲೇ ಹೇಳಿದ್ದರು. ಹಾಗಾಗಿ ಕೂಡಲೇ ತಿಳಿಸಿದೆ, ಹೆದರಲಿಲ್ಲ. ಐದು ತಿಂಗಳ ಫಿಸಿಯೋಥೆರಪಿ ಬೇಕಾಯಿತು. ಗುಂಡಿ ಈಗ ಹಾಕುತ್ತೇನೆ, ಬೆರಳ ತುದಿಯ ಜೋಮು ಉಳಿದಿದೆ. ಮುಂದೆ ಹದಗೆಡದಂತೆ ತಡೆಯುವುದೇ ಈ ಆಪರೇಷನ್ನಿನ ಮುಖ್ಯ ಕೆಲಸ. ತಡಮಾಡಿದಷ್ಟೂ ವಾಪಸ್ ಬರುವುದು ಕಡಿಮೆ.

ಆಪರೇಷನ್ನಿಗೆ ಕಾಯುವಾಗ ಯಾರ ಕೈಯಲ್ಲೂ ಕತ್ತಿನ ನೆಟಿಕೆ ತೆಗೆಸಬೇಡಿ. ಬಚ್ಚಲಲ್ಲಿ ಜಾರದಂತೆ ನೋಡಿಕೊಳ್ಳಿ, ಬಿದ್ದ ಸಣ್ಣ ಪೆಟ್ಟಿಗೂ ಕೈಕಾಲು ನಿಂತುಹೋಗಬಹುದು. ಆಪರೇಷನ್ ಆದ ಮೇಲೂ ಉಳಿದ ಗಂಟು ಬೆಳೆಯಬಹುದು, ಆದ್ದರಿಂದ ಕರೆದಾಗಲೆಲ್ಲ ಹೋಗಿ ತೋರಿಸಿಕೊಂಡು ಬನ್ನಿ.