ಮನೆಯಲ್ಲೇ ಹೈಲೈಟ್: ನಮ್ಮ ಕಪ್ಪು ಕೂದಲಿಗೆ ಕಂದು ಸಾಕು

ಹೇರ್ ಡೈ ಡಬ್ಬದ ಮೇಲೆ ನಗುತ್ತಿರುವ ಹುಡುಗಿಯ ಕೂದಲಿನ ಬಣ್ಣ ನಮ್ಮ ಕೂದಲಿಗೆ ಬರುವುದಿಲ್ಲ. ಇಷ್ಟನ್ನು ಮೊದಲೇ ಒಪ್ಪಿಕೊಂಡರೆ ಮನೆಯಲ್ಲಿ ಹೈಲೈಟ್ ಮಾಡಿಕೊಳ್ಳುವುದು, ಅಂದರೆ ಅಲ್ಲಲ್ಲಿ ಕೆಲವು ಎಳೆಗಳಿಗೆ ಮಾತ್ರ ತಿಳಿ ಬಣ್ಣ ಕೊಡುವುದು, ಅಂಥ ಕಷ್ಟದ ಕೆಲಸವೇನಲ್ಲ. ನಮ್ಮದು ಕಡುಗಪ್ಪು ಕೂದಲು. ಅದರ ಮೇಲೆ ಬರೀ ಕಂದು ಡೈ ಹಚ್ಚಿದರೆ ಬಿಸಿಲಿಗೆ ನಿಂತಾಗ ಮಾತ್ರ ಸ್ವಲ್ಪ ಹೊಳೆಯುತ್ತದೆ, ಮನೆಯೊಳಗೆ ಬಂದರೆ ಮತ್ತೆ ಕಪ್ಪೇ. ಎಳೆ ಎದ್ದು ಕಾಣಬೇಕೆಂದರೆ ಒಳಗಿನ ಕಪ್ಪು ತೆಗೆಯಬೇಕು, ಅಂದರೆ ಬ್ಲೀಚ್ ಬೇಕು. ಕಪ್ಪು ಒಮ್ಮೆಲೇ ಹೋಗುವುದಿಲ್ಲ. ಮೊದಲು ಕೆಂಗಂದು, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ನಾನು ಕಿತ್ತಳೆಯಲ್ಲೇ ನಿಲ್ಲಿಸುತ್ತೇನೆ. ಹಳದಿ ಬೇಕೆಂದು ಮತ್ತೆ ಮತ್ತೆ ಬ್ಲೀಚ್ ಮಾಡಿದರೆ, ಒದ್ದೆ ಕೂದಲು ಬಾಚುವಾಗಲೇ ಹಿಗ್ಗಿ ತುಂಡಾಗುತ್ತದೆ. ಆ ಆಸೆ ಇದ್ದವರು ಪಾರ್ಲರಿಗೆ ಹೋಗುವುದೇ ಒಳ್ಳೆಯದು.

ನನಗೆ ಇನ್ನೊಂದು ಕಾರಣವೂ ಇದೆ. ನಾನು ಕಾರವಾರದಲ್ಲಿ ಪ್ರೈಮರಿ ಶಾಲೆಯ ಅಕ್ಕೋರು. "ಅಕ್ಕೋರೇ, ತಲೆಗೆ ಎಂತ ಹಚ್ಚಿದ್ರಿ?" ಅಂತ ಮೂರನೇ ಕ್ಲಾಸಿನ ಮಕ್ಕಳು ಕೇಳುವಷ್ಟು ಬಣ್ಣ ನನಗೆ ಬೇಡ. ಜಡೆ ಹಾಕಿದಾಗ ಅಲ್ಲಲ್ಲಿ ಒಂದು ಕಂದು ಎಳೆ ಹೆಣೆದುಕೊಂಡು ಹೋದರೆ ಸಾಕು.

ಈ ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನ ದಿನಗಳೇ ಚಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ತಲೆ ಎಲ್ಲಿ ಒಣಗುತ್ತದೆ? ಸಾಲದ್ದಕ್ಕೆ ನಡುವೆ ಕರೆಂಟ್ ಹೋಗುತ್ತದೆ. ಕರೆಂಟ್ ಇಲ್ಲದಿದ್ದರೆ ಪಂಪ್ ಇಲ್ಲ, ಪಂಪ್ ಇಲ್ಲದಿದ್ದರೆ ನಲ್ಲಿಯಲ್ಲಿ ನೀರಿಲ್ಲ. ತಲೆ ಮೇಲೆ ಬ್ಲೀಚ್ ಇಟ್ಟುಕೊಂಡು ಬಾವಿಯಿಂದ ನೀರು ಸೇದುವುದು ಯಾರಿಗೆ ಬೇಕು! ಹಾಗಾಗಿ ಯಾವ ಕಾಲವೇ ಇರಲಿ, ಕೂದಲಿನ ಬ್ಲೀಚ್ ಪೌಡರ್ ಪ್ಯಾಕೆಟ್ ಕತ್ತರಿಸುವ ಮೊದಲು ನಾನು ಬಕೆಟ್‌ಗಳನ್ನು ತುಂಬಿಸಿಡುತ್ತೇನೆ. ಏಪ್ರಿಲ್, ಮೇ ಕೂಡ ಬೇಡ. ಬೆವರಿಗೆ ಡೈ ಕರಗಿ ಕಿವಿ ಹಿಂದೆ ಇಳಿಯುತ್ತದೆ.

ಎರಡು ದಿನ ಮೊದಲು, ಅಂದರೆ 48 ಗಂಟೆ ಮುಂಚೆ, ಸ್ವಲ್ಪ ಡೈಯನ್ನು ಮೊಣಕೈ ಒಳಗಡೆ ಹಚ್ಚಿ ನೋಡುತ್ತೇನೆ. ಹೋದ ಸಲ ಏನೂ ಆಗಲಿಲ್ಲ ಅಂದರೆ ಈ ಸಲವೂ ಆಗುವುದಿಲ್ಲ ಅಂತಲ್ಲ. ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಎಷ್ಟೋ ವರ್ಷ ಸುಮ್ಮನಿದ್ದು ಆಮೇಲೆ ಅಲರ್ಜಿ ಮಾಡಬಹುದು. ತುರಿಕೆ ಬಂದರೆ ಅಲ್ಲಿಗೇ ಬಿಟ್ಟುಬಿಡಬೇಕು. ಹಾಗೆಯೇ ಕುತ್ತಿಗೆ ಹತ್ತಿರದ ಒಂದು ಎಳೆಗೆ ಬ್ಲೀಚ್ ಹಚ್ಚಿ ಬಣ್ಣ ಹೇಗೆ ಬಿಡುತ್ತದೆ ನೋಡಬೇಕು. ಮದರಂಗಿ ಹಚ್ಚುವವರು ಇದನ್ನು ಮಾಡಲೇಬೇಕು. ಮದರಂಗಿಯ ಬಣ್ಣ ಸುಲಭಕ್ಕೆ ಬಿಡುವುದಿಲ್ಲ, ಅದರ ಜೊತೆ ನೀಲಿ ಗಿಡದ (ಇಂಡಿಗೊ) ಪುಡಿ ಸೇರಿಸಿದ್ದರೆ ಬ್ಲೀಚಿಗೆ ಹಸಿರು ತಿರುಗಲೂಬಹುದು. ಅಂಗಡಿಯಲ್ಲಿ ಸಿಗುವ "ಕಪ್ಪು ಮೆಹಂದಿ"ಯನ್ನಂತೂ ನಾನು ಮದರಂಗಿ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬರೀ ಮದರಂಗಿ ಸೊಪ್ಪು ಕೂದಲನ್ನು ಕೆಂಪು ಮಾಡುತ್ತದೆ, ಕಪ್ಪು ಮಾಡುವುದಿಲ್ಲ. ಪ್ಯಾಕೆಟ್ ತಿರುಗಿಸಿ ಓದಿ, ಬಹಳಷ್ಟರಲ್ಲಿ ಅದೇ ಪಿಪಿಡಿ ಇರುತ್ತದೆ.

ಈಗ ಕೆಲಸಕ್ಕೆ ಬರೋಣ. ಬ್ಲೀಚ್ ಪೌಡರಿನ ಜೊತೆ ಕಲಸುವ ದ್ರವಕ್ಕೆ ಡೆವಲಪರ್ ಎನ್ನುತ್ತಾರೆ. ಅದರ ಬಾಟಲಿ ಮೇಲೆ 10, 20, 30, 40 ವಾಲ್ಯೂಮ್ ಎಂದಿರುತ್ತದೆ. ಅದು ಹೈಡ್ರೋಜನ್ ಪೆರಾಕ್ಸೈಡ್ ಎಷ್ಟಿದೆ ಎಂಬುದರ ಲೆಕ್ಕ. 20 ಅಂದರೆ ಶೇ. 6, 40 ಅಂದರೆ ಶೇ. 12. ನನ್ನದು ಯಾವಾಗಲೂ 20. ನಿಧಾನ ಆಗುತ್ತದೆ, ಆದರೆ ಕಣ್ಣಳತೆಯಲ್ಲಿ ಇರುತ್ತದೆ. ಒಂದು ಪಾಲು ಪೌಡರಿಗೆ ಎರಡು ಪಾಲು ಡೆವಲಪರ್, ಪ್ಲಾಸ್ಟಿಕ್ ಬಟ್ಟಲಲ್ಲಿ. ಸ್ಟೀಲ್, ಹಿತ್ತಾಳೆ ಪಾತ್ರೆ ಬೇಡ. ಮಿಶ್ರಣ ದೋಸೆ ಹಿಟ್ಟಿಗಿಂತ ಗಟ್ಟಿ ಇರಬೇಕು, ನೀರಾದರೆ ಎಳೆ ಸುತ್ತಿಟ್ಟ ಫಾಯಿಲ್‌ನಿಂದ ಸೋರಿ ಬುಡದಲ್ಲಿ ಮಚ್ಚೆ ಬೀಳುತ್ತದೆ.

ಅಡುಗೆಮನೆಯ ಫಾಯಿಲನ್ನೇ ನಾಲ್ಕು ಬೆರಳು ಅಗಲಕ್ಕೆ ಕತ್ತರಿಸಿಕೊಳ್ಳುತ್ತೇನೆ. ಮೇಲಿನ ಅಂಚನ್ನು ಅರ್ಧ ಬೆರಳಿನಷ್ಟು ಮಡಚಬೇಕು. ಆ ಮಡಿಕೆ ಬುಡಕ್ಕೆ ಒತ್ತಿ ಕೂರುತ್ತದೆ, ಜಾರುವುದಿಲ್ಲ. ಬೈತಲೆಯಿಂದ ಒಂದು ಬೆರಳು ಕೆಳಗೆ ಇಳಿದು ತೆಳ್ಳಗೆ ಒಂದು ಪದರ ಎತ್ತುತ್ತೇನೆ. ಬಾಚಣಿಗೆಯ ಬಾಲದಿಂದ ಆ ಪದರವನ್ನು ಹೊಲಿಗೆ ಹಾಕುವ ಹಾಗೆ ಮೇಲೆ ಕೆಳಗೆ ಹಾಯಿಸಿದರೆ, ಬಾಲದ ಮೇಲೆ ಉಳಿದ ಎಳೆಗಳು ಫಾಯಿಲಿಗೆ, ಕೆಳಗೆ ಬಿದ್ದವು ಹಾಗೆಯೇ ಕಪ್ಪು. ಬೈತಲೆಯ ಮೇಲಿನ ಕೂದಲು ಮುಟ್ಟದೆ ಬಿಡುವುದರಿಂದ ಲಾಭ ಇದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಆ ಹೊಸ ಕಪ್ಪು ಬುಡವನ್ನು ಮೇಲಿನ ಕೂದಲೇ ಮುಚ್ಚಿಕೊಳ್ಳುತ್ತದೆ.

ಬ್ಲೀಚನ್ನು ಬುಡಕ್ಕೆ ತಾಗಿಸಬಾರದು, ಅರ್ಧ ಇಂಚು ಬಿಟ್ಟು ತುದಿಯವರೆಗೆ ಹಚ್ಚಬೇಕು. ತಲೆಯ ಶಾಖಕ್ಕೆ ಬುಡ ಬೇಗ ಬಣ್ಣ ಬಿಡುತ್ತದೆ. ಹಿಂದಿನ ಭಾಗ ಮೊದಲು ಮಾಡಿ, ಹಣೆ ಹತ್ತಿರದ್ದು ಕಡೆಗೆ. ಅಲ್ಲಿನ ಕೂದಲು ತೆಳು, ಬೇಗ ಬಣ್ಣ ಬಿಡುತ್ತದೆ. ಹಿಂದಿನ ಭಾಗಕ್ಕೆ ತಂಗಿಯ ಕೈ ಬೇಕೇ ಬೇಕು, ಕನ್ನಡಿ ನೋಡಿ ಮಾಡುತ್ತೇನೆಂಬ ಹಟ ಬೇಡ. ಆಮೇಲೆ ಆಗಾಗ ಒಂದು ಫಾಯಿಲ್ ಬಿಚ್ಚಿ, ಒದ್ದೆ ಹತ್ತಿಯಿಂದ ಬ್ಲೀಚ್ ಒರೆಸಿ ನೋಡಬೇಕು. ಒರೆಸದೆ ನೋಡಿದರೆ ಮೋಸ, ಪೇಸ್ಟಿನ ಕೆಳಗೆ ಎಲ್ಲವೂ ಬೆಳ್ಳಗೇ ಕಾಣುತ್ತದೆ. ಕೆಂಪು ಹೋಗಿ ತಿಳಿ ಕಿತ್ತಳೆ ಬಂದರೆ ಸಾಕು. ಬರದಿದ್ದರೂ ಪ್ಯಾಕೆಟ್ ಮೇಲೆ ಬರೆದ ಹೊತ್ತು ಮುಗಿದರೆ ತೊಳೆಯಲೇಬೇಕು.

ತೊಳೆದ ಮೇಲೆ ಕಾಣುವ ಕಿತ್ತಳೆ ನೋಡಿ ಹೆದರಬೇಡಿ, ಅದು ಅರ್ಧ ದಾರಿ ಅಷ್ಟೇ. ಅದರ ಮೇಲೆ 6.1 ನಂಬರಿನ ಡೈ ಹಚ್ಚುತ್ತೇನೆ. ಹೆಚ್ಚಿನ ಕಂಪನಿಗಳಲ್ಲಿ ಮೊದಲ ಅಂಕಿ ಬಣ್ಣ ಎಷ್ಟು ಗಾಢ ಅಂತ ಹೇಳುತ್ತದೆ, 1 ಅಂದರೆ ಕಪ್ಪು, 10 ಅಂದರೆ ತೀರಾ ತಿಳಿ. ಚುಕ್ಕೆಯ ನಂತರದ 1 ಅಂದರೆ ಬೂದು ಛಾಯೆ. ಅದರಲ್ಲಿರುವ ನೀಲಿ ಕಿತ್ತಳೆಯನ್ನು ಹೊಡೆದುಹಾಕಿ ಕಂದು ಉಳಿಸುತ್ತದೆ. ಚಿನ್ನದ ಛಾಯೆಯ .3 ತಂದರೆ ಕಿತ್ತಳೆ ಹೋಗುವುದಿಲ್ಲ.

ಆಯಿಯ ತಲೆಗೆ ಇದೆಲ್ಲ ಉಲ್ಟಾ. ಅವರದ್ದು ಬಿಳಿ ಮುಚ್ಚುವ ಕೆಲಸ, ಅಲ್ಲಿ ಬುಡವೇ ಮೊದಲು. ಹಣೆಯ ಎರಡೂ ಪಕ್ಕದ ಬಿಳಿ ಹಟಮಾರಿ, ಬ್ರಷ್ ಶುರುವಾಗುವುದು ಅಲ್ಲಿಂದಲೇ. ಹಣೆಯಂಚಿಗೆ ಮಾತ್ರ ಒಂಚೂರು ಕೊಬ್ಬರಿ ಎಣ್ಣೆ ಸವರುತ್ತೇನೆ, ಚರ್ಮಕ್ಕೆ ಕಲೆ ಹತ್ತದ ಹಾಗೆ. "ಕರ್ರಗೆ ಮಾಡೇ" ಎನ್ನುತ್ತಿದ್ದರು. ಒಪ್ಪಿಸಿ 4ನೇ ನಂಬರಿನ ಕಂದು ಹಚ್ಚಿದೆ. ಅರವತ್ತು ದಾಟಿದ ಮುಖಕ್ಕೆ ಕಡುಗಪ್ಪು ಗಡಸಾಗಿ ಕಾಣುತ್ತದೆ, ಬಿಳಿ ಬುಡವೂ ಬೇಗ ಎದ್ದು ತೋರುತ್ತದೆ.

ಇನ್ನು ನೀರಿನ ವಿಷಯ. ಬಕೆಟ್ ಒಳಗೆ ಕೆಂಪು ಕಲೆ ಕೂರುವ ಬೋರ್‌ವೆಲ್ ನೀರಲ್ಲಿ ಕಬ್ಬಿಣ ಇರುತ್ತದೆ. ಬ್ಲೀಚ್ ಆದ ಕೂದಲು ಅದನ್ನು ಹೀರಿ ಮತ್ತೆ ಕೆಂಪಡರುತ್ತದೆ. ನಾನು ಕೊನೆಯ ಒಂದೆರಡು ಚೊಂಬು ಫಿಲ್ಟರ್ ನೀರು ಹಾಕುತ್ತೇನೆ, ಮಳೆಗಾಲದಲ್ಲಾದರೆ ಹೆಂಚಿನಿಂದ ಇಳಿದ ಮಳೆನೀರು. ಬೀಚಿಗೆ ಹೋಗಿ ಸಮುದ್ರಕ್ಕೆ ಇಳಿಯುವುದಿದ್ದರೆ ಮನೆಯಲ್ಲೇ ತಲೆ ಒದ್ದೆ ಮಾಡಿ ಎಣ್ಣೆ ಸವರಿಕೊಳ್ಳುತ್ತೇನೆ. ಮೊದಲೇ ನೀರು ಕುಡಿದ ಕೂದಲು ಉಪ್ಪುನೀರನ್ನು ಕಡಿಮೆ ಎಳೆದುಕೊಳ್ಳುತ್ತದೆ.

ಮತ್ತೆ ಬ್ಲೀಚ್ ಮಾಡುವಾಗ ಹೊಸದಾಗಿ ಬೆಳೆದ ಕೂದಲಿಗೆ ಮಾತ್ರ ಹಚ್ಚಿ, ಹಳೇ ಬ್ಲೀಚಿನ ಮೇಲೆ ಬೇಡ. ಕಲಸಿ ಉಳಿದದ್ದನ್ನು ಮುಚ್ಚಳ ಹಾಕಿ ಎತ್ತಿಡಲೇಬೇಡಿ. ಒಳಗೆ ಗ್ಯಾಸ್ ತುಂಬಿ ಡಬ್ಬಿ ಒಡೆಯಬಹುದು. ಜಾಸ್ತಿ ನೀರು ಬಿಟ್ಟು ಬಚ್ಚಲಿಗೆ ಚೆಲ್ಲಿಬಿಡಿ.